ಎಲ್ಲ ತಪ್ಪಿಗೂ ಒಂದೇ ಸಂಖ್ಯೆ

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರ ಕಚೇರಿಯಲ್ಲಿ, ನಾವು ಸಿದ್ಧಪಡಿಸಿದ ಲೆಕ್ಕಪತ್ರ ತಂತ್ರಾಂಶದ ಎಂಎಸ್‌ಐ ಪ್ಯಾಕೇಜು (ವಿಂಡೋಸ್ ಇನ್‌ಸ್ಟಾಲರ್ ಮೂಲಕ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಕೂರಿಸುವ ಕಡತ) ಹಸಿರು ಪಟ್ಟಿಯ ತುದಿಯವರೆಗೂ ಗಂಭೀರವಾಗಿ ಸಾಗಿ, ಇಂದು ಬೆಳಿಗ್ಗೆ ಮತ್ತೊಮ್ಮೆ 1603 ಎಂಬ ಸಂಖ್ಯೆಯನ್ನು ತೋರಿಸಿ, ತಾನು ಮಾಡಿದ್ದನ್ನೆಲ್ಲ ತಾನೇ ಅಳಿಸಿಕೊಂಡು ಹಿಂದಿರುಗಿತು. ಮಾರಣಾಂತಿಕ ದೋಷವಂತೆ! ಸತ್ತವರು ಯಾರು, ಕಾರಣವೇನು ಎಂದು ತಿಳಿಸುವ ಸೌಜನ್ಯ ಬೇಡವೇ? ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲದಿದ್ದರೂ 1603, ನಾವೇ ಸೇರಿಸಿದ ಹೆಚ್ಚುವರಿ ಹೆಜ್ಜೆ, ಅಂದರೆ ಕಸ್ಟಮ್ ಆ್ಯಕ್ಷನ್, ಮುಗ್ಗರಿಸಿದರೂ 1603; ಬಂದವರಿಗೆಲ್ಲ ಒಂದೇ ಕೆಂಪು ಔಷಧ ಸುರಿದುಕೊಡುತ್ತಿದ್ದ ಹಳೆಯ ಕಾಂಪೌಂಡರನ ವರಸೆ ಇದು. ಹೆಜ್ಜೆಹೆಜ್ಜೆಯ ದಾಖಲೆಯಾದ ವಿವರವಾದ ಲಾಗ್ ಬರೆಸಿದರೆ ಸಾವಿರಾರು ಸಾಲುಗಳು ಬಂದು ಬೀಳುತ್ತವೆ. ಅವುಗಳ ನಡುವೆ ‘ರಿಟರ್ನ್ ವ್ಯಾಲ್ಯೂ 3’ ಎಂಬ ವೈಫಲ್ಯದ ಗುರುತನ್ನು ಹುಡುಕಿ, ಅದರ ಮೇಲಿನ ಸಾಲುಗಳಲ್ಲಿ ಅಪರಾಧಿಯನ್ನು ಹಿಡಿಯಬೇಕು. ನಾವು ಪ್ರೋಗ್ರಾಮರುಗಳೋ, ಪತ್ತೇದಾರರೋ?

ಆವೃತ್ತಿಯ ಕಥೆ ಇನ್ನೂ ಸೊಗಸು. 1.2.3.4 ಎಂಬಂಥ ಆವೃತ್ತಿ ಸಂಖ್ಯೆಯಲ್ಲಿ ನಾಲ್ಕನೆಯ ಅಂಕಿಯನ್ನು ಮಾತ್ರ ಏರಿಸಿದರೆ ಈ ಇನ್‌ಸ್ಟಾಲರ್ ಮಹಾಶಯ ಮೊದಲ ಮೂರನ್ನಷ್ಟೇ ಹೋಲಿಸಿ ನೋಡುವುದರಿಂದ, ಹಳೆಯದನ್ನು ತೆಗೆಯದೆ ಹೊಸದನ್ನೂ ಪಕ್ಕದಲ್ಲೇ ಕೂರಿಸಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದೇ ಹೆಸರನ್ನು ಎರಡು ಬಾರಿ ತೋರಿಸುತ್ತದೆ. ನಾಲ್ಕನೆಯ ಅಂಕಿ ಇರುವುದಾದರೂ ಅಲಂಕಾರಕ್ಕೇ? ಹಿನ್ನೆಲೆಯಲ್ಲಿ ಇನ್ನಾವುದೋ ಅಪ್‌ಡೇಟ್ ನಡೆಯುತ್ತಿದ್ದರಂತೂ 1618 ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ತಂತ್ರಾಂಶ ಓಡಲು ಬೇಕಾದ ಸಹಾಯಕ ಕಡತಗಳು, ಅಂದರೆ ಡಿಎಲ್‌ಎಲ್‌ಗಳು, ಗ್ರಾಹಕರ ಕಂಪ್ಯೂಟರಿನಲ್ಲಿ ಕಾಣೆಯಾಗುವ ವಿಷಯ ಬಿಡಿ. ಚಿಕ್ಕಮಗಳೂರಿನ ನಮ್ಮ ಕಂಪ್ಯೂಟರುಗಳಲ್ಲಿ ಅವು ಎಂದೂ ಕಾಣೆಯಾಗುವುದಿಲ್ಲ.

ಹೇಗೋ ಎಲ್ಲ ದಾಟಿಸಿ ಹೊಸ ಪ್ಯಾಕೇಜು ಕಳುಹಿಸಿದರೆ, ಎಸ್ಟೇಟಿನ ರೈಟರ್ ಫೋನಿನಲ್ಲಿ ಕೇಳುತ್ತಾರೆ: “ಸಾರ್, ಅಪರಿಚಿತ ಪ್ರಕಾಶಕರು ಅಂತ ಬರ್ತಿದೆ, ನೀವೇ ತಾನೇ ಕಳಿಸಿದ್ದು?”