ಐದು ಸೊನ್ನೆ ಮೂರು

ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿರುವ ತಮ್ಮ, ಅಂದರೆ ನಮ್ಮ ಚಿಕ್ಕಮ್ಮನ ಮಗ, ಸೋಮವಾರ ಬೆಳಿಗ್ಗೆ ಫೋನ್ ಮಾಡಿದ. ಕುಟುಂಬದ ನಾಗಬನದ ಜೀರ್ಣೋದ್ಧಾರಕ್ಕೆ ಅವನ ಪಾಲಿನ ಹಣ ಕಳುಹಿಸಬೇಕಂತೆ. "ಅಣ್ಣಾ, ಅಮ್ಮನ ಖಾತೆ ನಂಬರ್ ಒಂದು ನೋಡಿ ಕಳುಹಿಸು. ಫೋನಿನಲ್ಲಿ ಕೇಳಿದರೆ ಹೇಳುವುದಿಲ್ಲ ಎನ್ನುತ್ತಾರೆ." ಎರಡು ನಿಮಿಷದ ಕೆಲಸ ಎಂದುಕೊಂಡು ಉಡುಪಿಯಿಂದ ಕಾಪುವಿನ ಬಸ್ಸು ಹತ್ತಿದೆ. ಇದನ್ನು ಬರೆಯುತ್ತಿರುವುದು ಶುಕ್ರವಾರ ರಾತ್ರಿ.

ನಾವೇನು ಬ್ಯಾಂಕ್ ಕಾಣದ ಜನವಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬೇರೆ ಜಿಲ್ಲೆಯವರು ಚಹಾ ಅಂಗಡಿ ಇಡುವ ಸಲೀಸಿನಲ್ಲಿ ನಾವು ಬ್ಯಾಂಕ್ ಇಟ್ಟವರು. 1928ರಲ್ಲಿ ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆ ಸಾಕಿತ್ತು. ಪಿಗ್ಮಿಯವರು ಅಂಗಳಕ್ಕೆ ಬಂದು, ಮಜ್ಜಿಗೆ ಕುಡಿದು, ಎರಡಾಣೆ ಎಣಿಸಿಕೊಂಡು ಹೋಗುತ್ತಿದ್ದರು. ಯಾವ ಮನೆಯಲ್ಲಿ ಮಗಳ ಮದುವೆ ಹತ್ತಿರ ಬಂದಿದೆ, ಯಾರ ದನ ಗಬ್ಬವಾಗಿದೆ ಎನ್ನುವುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಅಂಥವರಿಗೆ ನಂಬರ್ ಯಾಕೆ ಬೇಕು?

ಆಮೇಲೆ ವಿಲೀನದ ಕಾಲ ಬಂತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಹೋಯಿತು. 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಎರಡು ಸಲವೂ ಏಪ್ರಿಲ್ ಒಂದನೇ ತಾರೀಕೇ. ಆರ್ಥಿಕ ವರ್ಷದ ಮೊದಲ ದಿನ ಎನ್ನುವುದು ಅಧಿಕೃತ ಕಾರಣ, ನಾವು ಅದನ್ನೇ ನಂಬೋಣ. ಚಿಕ್ಕಮ್ಮನ ಬ್ಯಾಂಕ್ ಈ ಮೂರರಲ್ಲಿ ಒಂದು. ಯಾವುದು ಎಂದು ಹೇಳುವುದಿಲ್ಲ, ಅವರು ಇನ್ನೂ ಅಲ್ಲಿಗೇ ಹೋಗಿ ಸರತಿಯಲ್ಲಿ ನಿಲ್ಲಬೇಕು.

ಚಾವಡಿಯಲ್ಲಿ ಕುಳಿತು ನಾನು ಮೊದಲು ಕೇಳಿದ್ದು ಚೆಕ್‌ಪುಸ್ತಕ. ಚಿಕ್ಕಮ್ಮ ಅದನ್ನು ದೇವರ ಕೋಣೆಯ ಪೆಟ್ಟಿಗೆಯಿಂದ ತಂದರು, ಒಂದು ಹಾಳೆಯೂ ಹರಿದಿರಲಿಲ್ಲ. ಚೆಕ್ಕಿನ ಅಡಿಯಲ್ಲಿ ಒಂದು ಸಾಲು ಅಂಕಿಗಳಿರುತ್ತವಲ್ಲ, ಸೊಟ್ಟಸೊಟ್ಟಗೆ, ಕೋಳಿ ಕೆದಕಿದ ಹಾಗೆ, ಅದನ್ನು ನೋಡಿ ನನಗೆ ಜಯ ಸಿಕ್ಕಿತೆನಿಸಿತು. ಎಣಿಸಿದೆ. ಇಪ್ಪತ್ತಮೂರು ಅಂಕಿ! ಮೊದಲ ಆರು ಚೆಕ್ಕಿನ ನಂಬರ್. ಮುಂದಿನ ಒಂಬತ್ತರ ಹೆಸರು ಎಂಐಸಿಆರ್. ಅದರ ಮೊದಲ ಮೂರು ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. ಊರಿನ ಮೂರಂಕಿಯನ್ನೂ ಅಂಚೆ ಇಲಾಖೆಯ ಪಿನ್‌ಕೋಡಿನಿಂದ ಕಡ ತಂದದ್ದು, ಉಡುಪಿಗೆ 576, ಮಂಗಳೂರಿಗೆ 575. ಅದರಾಚೆಗೆ ಮತ್ತೊಂದು ಆರಂಕಿ, ಅದು ಖಾತೆಗೆ ಸಂಬಂಧಪಟ್ಟದ್ದೇ, ಆದರೆ ಪೂರ್ತಿ ಖಾತೆ ನಂಬರ್ ಅಲ್ಲ. ಕೊನೆಯ ಎರಡು ಇದು ಯಾವ ಬಗೆಯ ಚೆಕ್ ಎಂದು ಯಂತ್ರಕ್ಕೆ ತಿಳಿಸಲು. ಹೀಗೆ ಇಪ್ಪತ್ತಮೂರು ಅಂಕಿ ಅಚ್ಚು ಹಾಕಿಯೂ ನಮಗೆ ಬೇಕಾದದ್ದನ್ನು ಆ ಸಾಲಿನಲ್ಲಿ ಹಾಕಿಲ್ಲ. ನಿಜವಾದ ಖಾತೆ ನಂಬರ್ ಮೇಲೆ, ಹಣದ ಮೊತ್ತದ ಚೌಕದ ಆಸುಪಾಸಿನಲ್ಲಿ ಇರುತ್ತದೆ. ಚಿಕ್ಕಮ್ಮನದು ಹಳೆಯ ಚೆಕ್‌ಪುಸ್ತಕ. ಅಲ್ಲಿ ರಬ್ಬರ್ ಮುದ್ರೆಯ ನೀಲಿ ಕಲೆಯಷ್ಟೇ ಉಳಿದಿತ್ತು.

ಪಾಸ್‌ಬುಕ್ ತೆಗೆದೆವು. ಮೊದಲ ಪುಟದಲ್ಲಿ ಯಾರೋ ಪುಣ್ಯಾತ್ಮರು ಮಸಿಪೆನ್ನಿನಿಂದ "ಎಸ್.ಬಿ. 503" ಎಂದು ಬರೆದಿದ್ದರು. ಎಷ್ಟು ಚೆಂದದ ನಂಬರ್! ಮನೆ ನಂಬರಿನ ಹಾಗೆ, ಬಾಯಲ್ಲಿ ಇಟ್ಟುಕೊಳ್ಳಬಹುದು. ಕಂಪ್ಯೂಟರ್ ಬಂದ ಮೇಲೆ ಇದೇ 503ಕ್ಕೆ ಎದುರಿನಲ್ಲಿ ಶಾಖೆಯ ಸಂಕೇತ, ಖಾತೆಯ ಬಗೆ, ಒಂದು ಹಿಡಿ ಸೊನ್ನೆ ಸೇರಿ ದಿಬ್ಬಣದಷ್ಟು ಉದ್ದವಾಯಿತು. ಎಷ್ಟು ಉದ್ದ ಎನ್ನುವುದಕ್ಕೂ ಒಂದು ಲೆಕ್ಕವಿಲ್ಲ. ಸ್ಟೇಟ್ ಬ್ಯಾಂಕಿಗೆ ಹನ್ನೊಂದು, ಯೂನಿಯನ್ ಬ್ಯಾಂಕಿಗೆ ಹದಿನೈದು, ಕರ್ಣಾಟಕ ಬ್ಯಾಂಕಿಗೆ ಹದಿನಾರು. ಮೊಬೈಲಿಗೆ ದೇಶವಿಡೀ ಹತ್ತು, ಆಧಾರಿಗೆ ಹನ್ನೆರಡು ಎಂದು ಒಪ್ಪಿಕೊಂಡ ನಾವು ಇದೊಂದರಲ್ಲಿ ಮಾತ್ರ ಬ್ಯಾಂಕುಗಳ ಮನೋಧರ್ಮಕ್ಕೆ ಅಡ್ಡಿಪಡಿಸಿಲ್ಲ.

ಮೊಬೈಲಿನ ಸಂದೇಶ ನೋಡೋಣ ಎಂದರೆ ಅಲ್ಲಿ ಸಾಲಾಗಿ ನಕ್ಷತ್ರಗಳು, ಕೊನೆಗೆ ಮೂರಂಕಿ. ನಕ್ಷತ್ರ ನೋಡಿ ಜಾತಕ ಬರೆಯುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಕ್ಷತ್ರ ನೋಡಿ ಖಾತೆ ನಂಬರ್ ಹೇಳುವವರು ಇದುವರೆಗೆ ಸಿಕ್ಕಿಲ್ಲ. ಸಹಾಯವಾಣಿಗೆ ಕರೆ ಮಾಡಿದೆ. ಒಂದು ಹೆಣ್ಣುಧ್ವನಿ ಬಹಳ ಪ್ರೀತಿಯಿಂದ, ನಿಮ್ಮ ಖಾತೆಯ ವಿವರ ಪಡೆಯಲು ನಿಮ್ಮ ಖಾತೆ ಸಂಖ್ಯೆಯನ್ನು ಒತ್ತಿ ಎಂದಿತು.

ಮರುದಿನ ಚಿಕ್ಕಮ್ಮನನ್ನು ಕರೆದುಕೊಂಡು ಶಾಖೆಗೇ ಹೋದೆ. ಕೌಂಟರಿನ ಹುಡುಗಿ ಒಳ್ಳೆಯವಳು, ಮುಖ ನೋಡಿ ನಕ್ಕಳು. ಹಳೆಯ ಚೀಟಿಯೊಂದನ್ನು ಹಿಡಿದು ನಾನು ಓದಿದೆ, ಅವಳು ಒತ್ತಿದಳು. "ಐದು ಸೊನ್ನೆ ಮೂರು" ಎಂದೆ. ಖಾತೆ ಸಿಗಲಿಲ್ಲ. ನೀವೇ ಹೇಳಿ, ಐದು ಸೊನ್ನೆ ಮೂರು ಎಂದರೆ ಐದು, ಸೊನ್ನೆ, ಮೂರು ಎಂದೋ, ಐದು ಸೊನ್ನೆಗಳು ಮತ್ತು ಒಂದು ಮೂರು ಎಂದೋ? ನಾನು ಮೊದಲನೆಯದನ್ನು ಹೇಳಿದ್ದೆ, ಅವಳು ಎರಡನೆಯದನ್ನು ಕೇಳಿದ್ದಳು. ಸರಿಪಡಿಸಲು "ಸೊನ್ನೆ ಒಂದೇ" ಎಂದೆ. ಅವಳು ಸೊನ್ನೆ ಒತ್ತಿ ಒಂದು ಒತ್ತಿದಳು. ಹಿಂದೆ ನಿಂತಿದ್ದ ಹಿರಿಯರೊಬ್ಬರು "ಮಾರಾಯರೇ, ಚೀಟಿಯನ್ನೇ ಅವರ ಕೈಗೆ ಕೊಡಿ" ಎಂದರು. ಕೊಟ್ಟೆ. ಅದು ಎಲ್‌ಐಸಿ ಪಾಲಿಸಿಯ ಚೀಟಿಯಾಗಿತ್ತು.

"ಹೆಸರಿನಲ್ಲಿ ಹುಡುಕುತ್ತೇನೆ, ಆಧಾರ್ ಕೊಡಿ" ಎಂದಳು ಹುಡುಗಿ. ಆಗ ಎದ್ದಿತು ನೋಡಿ ನಿಜವಾದ ಪ್ರಶ್ನೆ. ಬ್ಯಾಂಕಿನ ದಾಖಲೆಯಲ್ಲಿ ಚಿಕ್ಕಮ್ಮನ ಹೆಸರಿನ ಮುಂದೆ 'ಶೆಡ್ತಿ' ಎಂದಿದೆ, ಆ ಕಾಲದಲ್ಲಿ ಹೆಂಗಸರಿಗೆ ಹಾಗೇ ಬರೆಯುತ್ತಿದ್ದರು. ಆಧಾರಿನಲ್ಲಿ 'ಶೆಟ್ಟಿ' ಎಂದಿದೆ. ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಟ್ಟು, ಚಿಕ್ಕಮ್ಮನ ಮುಖವನ್ನೊಮ್ಮೆ ನೋಡಿ, "ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು" ಎಂದು ತೀರ್ಪು ಕೊಟ್ಟರು. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್ ಬೇಕಂತೆ. ಅಲ್ಲಿಯವರೆಗೆ ಕೆವೈಸಿ ಬಾಕಿ, ಹಣ ತೆಗೆಯುವಂತಿಲ್ಲ. ಜಮೆಗೆ ಅಡ್ಡಿಯಿಲ್ಲ, ಬ್ಯಾಂಕಿನ ದೊಡ್ಡತನ.

ಗೃಹಲಕ್ಷ್ಮಿಯ ಎರಡು ಸಾವಿರ ಈ ಖಾತೆಗೆ ಯಾಕೆ ಬರುತ್ತಿಲ್ಲ ಎಂದು ಚಿಕ್ಕಮ್ಮ ಇದೇ ಸಮಯ ನೋಡಿ ಕೇಳಿದರು. ಆಧಾರ್ ಲಿಂಕ್ ಆಗಿದೆ, ಸೀಡಿಂಗ್ ಆಗಿಲ್ಲ ಎಂದರು. ಎರಡೂ ಬೇರೆಯಂತೆ. ಹಣ ಹೋಗುವುದು ನೀವು ತೋರಿಸಿದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಸೀಡಿಂಗ್ ಆದ ಖಾತೆಗೆ. ಅದು ಯಾವುದೆಂದು ಚಿಕ್ಕಮ್ಮನಿಗೆ ನೆನಪಿಲ್ಲ. ಸೀಡಿಂಗ್ ಎಂದರೆ ಬಿತ್ತನೆ ಎಂದು ನಾನು ಅರ್ಥ ಹೇಳಿದೆ. "ಹಾಗಾದರೆ ಯಾರ ಗದ್ದೆಯಲ್ಲಿ ಬಿತ್ತಿದ್ದಾರೆಂದು ಇವರಿಗೇ ಗೊತ್ತಿಲ್ಲವೇ?" ಎಂದರು ಚಿಕ್ಕಮ್ಮ.

ಹಣ ಕಳುಹಿಸಲು ಐಎಫ್‌ಎಸ್‌ಸಿ ಎನ್ನುವುದೂ ಬೇಕು. ಹನ್ನೊಂದು ಅಕ್ಷರ: ಮೊದಲ ನಾಲ್ಕು ಬ್ಯಾಂಕಿಗೆ, ಕೊನೆಯ ಆರು ಶಾಖೆಗೆ, ನಡುವೆ ಐದನೆಯ ಜಾಗದಲ್ಲಿ ಒಂದು ಸೊನ್ನೆ. ಆ ಸೊನ್ನೆಗೆ ಸದ್ಯಕ್ಕೆ ಕೆಲಸವಿಲ್ಲ. ಮುಂದೆಂದಾದರೂ ಬೇಕಾದೀತು ಎಂದು ಕಾದಿರಿಸಿದ್ದು, ಕಿನ್ನಿಗೋಳಿ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದ ಹಾಗೆ. ವಿಲೀನದಲ್ಲಿ ಚಿಕ್ಕಮ್ಮನ ಶಾಖೆಯ ಮೊದಲ ನಾಲ್ಕಕ್ಷರವೂ ಬದಲಾಯಿತು. ಕರವಸ್ತ್ರ ಮಾತ್ರ ಇದ್ದಲ್ಲೇ ಇದೆ.

ಸೋತು ಗುರುವಾರ ಸಂಜೆ ಚಾವಡಿಯಲ್ಲಿ ಕುಳಿತಿದ್ದೆ. ಗೋಡೆಯಲ್ಲಿ 2019ರ ಬ್ಯಾಂಕ್ ಕ್ಯಾಲೆಂಡರ್ ತೂಗುತ್ತಿತ್ತು. ಬ್ಯಾಂಕ್ ಹೋಗಿ ಇಷ್ಟು ವರ್ಷವಾದರೂ ಕ್ಯಾಲೆಂಡರ್ ಯಾಕೆ ಇನ್ನೂ ಇದೆ ಎಂದು ಹತ್ತಿರ ಹೋಗಿ ನೋಡಿದರೆ, ಡಿಸೆಂಬರಿನ ಕೆಳಗೆ, ಏಕಾದಶಿ ಮತ್ತು ಹಾಲಿನ ಲೆಕ್ಕದ ನಡುವೆ, ಚಿಕ್ಕಮ್ಮನದೇ ದುಂಡು ಅಕ್ಷರದಲ್ಲಿ ಖಾತೆ ನಂಬರ್ ಪೂರ್ತಿ ಇತ್ತು. ಪಕ್ಕದಲ್ಲಿ ಹಳೆಯ ಐಎಫ್‌ಎಸ್‌ಸಿ ಹೊಡೆದುಹಾಕಿ ಹೊಸದನ್ನೂ ಬರೆದಿದ್ದರು.

"ಇಲ್ಲೇ ಇದೆಯಲ್ಲ ಚಿಕ್ಕಮ್ಮ! ನಾಲ್ಕು ದಿನದಿಂದ ಯಾಕೆ ಹೇಳಲಿಲ್ಲ?"

"ಯಾರಿಗೂ ಹೇಳಬಾರದು ಎಂದು ಬ್ಯಾಂಕಿನವರೇ ದಿನಾ ಮೆಸೇಜ್ ಹಾಕುತ್ತಾರಲ್ಲ. ನೀನಾಗಿ ನೋಡಿದರೆ ನನ್ನ ತಪ್ಪಲ್ಲ."

ಒಟಿಪಿಯ ಕುರಿತಾದ ಎಚ್ಚರಿಕೆ ಅದು ಎಂದು ವಿವರಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಫೋಟೊ ತೆಗೆದು ಮುಂಬೈಗೆ ಕಳುಹಿಸಿದೆ. ಹಿಂದೆಲ್ಲ ಹಣ ಕಳುಹಿಸುವಾಗ ಬರೆಯುವ ಹೆಸರು ಮದುವೆ ಕಾಗದದಲ್ಲಿ ಸುಖಾಗಮನ ಬಯಸುವವರ ಪಟ್ಟಿಯಂತೆ, ಇದ್ದರೂ ಆಯಿತು, ತಪ್ಪಿದರೂ ಆಯಿತು. ನಂಬರ್ ಸರಿಯಿದ್ದರೆ ಹಣ ಹೋಗುತ್ತಿತ್ತು. 2025ರ ಏಪ್ರಿಲ್‌ನಿಂದ (ಹೌದು, ಮತ್ತೆ ಅದೇ ಒಂದನೇ ತಾರೀಕು) ಕಳುಹಿಸುವ ಮೊದಲು ಖಾತೆದಾರರ ಹೆಸರನ್ನು ತೋರಿಸುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಈಗಷ್ಟೇ ತಮ್ಮನ ಫೋನ್ ಬಂತು.

"ಅಣ್ಣಾ, ಹಣ ಹೋಯಿತು. ಆದರೆ ಹೆಸರು ಶೆಡ್ತಿ ಎಂದು ತೋರಿಸಿತು. ಪರವಾಗಿಲ್ಲವಾ?"

ಕಳುಹಿಸುವುದಕ್ಕೆ ಪರವಾಗಿಲ್ಲ ಎಂದೆ. ತೆಗೆಯಲು ಹೋಗಬೇಕಾದವರು ಶೆಟ್ಟಿ. ನಾಳೆ ಛಾಪಾ ಕಾಗದ ತರಬೇಕೆಂದಿದ್ದೆ, ನೋಡಿದರೆ ನಾಲ್ಕನೇ ಶನಿವಾರ.