ಇಂಪೆಟಸ್ಸಿನ ಪೂರ್ವಾಶ್ರಮ

ಉದ್ಘಾಟನೆಯ ಭಾಷಣಗಳಲ್ಲಿ ‘ಇಂಪೆಟಸ್’ ಒಮ್ಮೆಯಾದರೂ ಬಂದೇ ಬರುತ್ತದೆ. ರಸ್ತೆಯಾದರೆ ವ್ಯಾಪಾರಕ್ಕೆ ಇಂಪೆಟಸ್, ಕಾಲೇಜಾದರೆ ಸಂಶೋಧನೆಗೆ ಇಂಪೆಟಸ್. ಮರುದಿನದ ಕನ್ನಡ ಪತ್ರಿಕೆಯಲ್ಲಿ ಅದೇ ‘ಉತ್ತೇಜನ’ವೋ ‘ಇಂಬೋ’ ಆಗಿ ವೇಷ ಬದಲಿಸಿರುತ್ತದೆ. ಶಾಲು ಹೊದ್ದು ವೇದಿಕೆಯಲ್ಲಿ ಕೂತ ಈ ಮರ್ಯಾದಸ್ಥ ಪದದ ಪೂರ್ವಾಶ್ರಮ ಮಾತ್ರ ಅಷ್ಟೇನೂ ಮರ್ಯಾದೆಯದಲ್ಲ.

ಲ್ಯಾಟಿನ್ನಿನಲ್ಲಿ ಇಂಪೆಟಸ್ ಎಂದರೆ ದಾಳಿ. ಗಾಲ್ ಯುದ್ಧದ ಕಥನದಲ್ಲಿ ಜೂಲಿಯಸ್ ಸೀಸರನ ಸೈನಿಕರು ಹಗೆಯ ಮೇಲೆ ಮತ್ತೆ ಮತ್ತೆ ಮಾಡುವುದು ಅದನ್ನೇ. ‘ಇನ್’ ಎಂದರೆ ಮೇಲೆ, ‘ಪೆಟೆರೆ’ ಎಂದರೆ ಗುರಿಯಿಟ್ಟು ನುಗ್ಗು, ಅರಸು, ಬೇಡು. ಈ ಪೆಟೆರೆಯದು ತುಂಬು ಸಂಸಾರ. ಊಟದ ಮೇಲೆ ನುಗ್ಗಿದರೆ ಅಪಿಟೈಟ್, ಹತ್ತು ಜನ ಒಂದೇ ಗುರಿಗೆ ನುಗ್ಗಿದರೆ ಕಾಂಪಿಟಿಷನ್, ಮತ್ತೊಮ್ಮೆ ನುಗ್ಗಿದರೆ ರಿಪೀಟ್. ಮಕ್ಕಳ ಮೂಗಿನ ಕೆಳಗೆ ಹಳದಿ ಹಕ್ಕಳೆ ಕಟ್ಟುವ ಇಂಪೆಟೈಗೊ ಎಂಬ ಕಾಯಿಲೆ ಕೂಡ ಇದೇ ಮನೆಯದು; ಅಲ್ಲಿ ದಾಳಿ ಚರ್ಮದ ಮೇಲೆ. ನುಗ್ಗಲು ತಾಕತ್ತಿಲ್ಲದವನು ಕೈಮುಗಿದು ಕೊಡುವುದು ಪೆಟಿಷನ್.

ಭಾಷಾಶಾಸ್ತ್ರಜ್ಞರು ಸಂಸ್ಕೃತದ ‘ಪತ್’ ಧಾತುವನ್ನೂ ಇದೇ ಬೇರಿಗೆ ಸೇರಿಸುತ್ತಾರೆ. ಹಾರು, ಬೀಳು ಎಂದು ಅದರ ಅರ್ಥ. ಪತಂಗ, ಪತನ, ಪತ್ರ ಎಲ್ಲ ಅದರಿಂದಲೇ. ಹಾಗಾಗಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪೆಟಿಷನ್ನನ್ನು ‘ಮನವಿಪತ್ರ’ ಎಂದು ಬರೆದುಕೊಂಡಾಗ ಸಾವಿರಾರು ವರ್ಷದಿಂದ ಮುಖ ನೋಡದ ದಾಯಾದಿಗಳ ಭೇಟಿಯಾಗುತ್ತದೆ. ಆ ಪತ್ರ ಅಲ್ಲಿಂದ ಹಾರುವುದಕ್ಕಿಂತ ಬಿದ್ದಿರುವುದೇ ಹೆಚ್ಚು, ಅದು ಬೇರೆ ಮಾತು.

ದಾಳಿಯ ಪದವನ್ನು ಭೌತಶಾಸ್ತ್ರಕ್ಕೆ ಗಟ್ಟಿಯಾಗಿ ತಂದವನು 14ನೆಯ ಶತಮಾನದ ಪ್ಯಾರಿಸ್ಸಿನ ಮೇಷ್ಟ್ರು ಜೀನ್ ಬುರಿದಾನ್. ಎಸೆದ ಕಲ್ಲು ಕೈಬಿಟ್ಟ ಮೇಲೂ ಯಾಕೆ ಸಾಗುತ್ತದೆ? ಸುತ್ತಲಿನ ಗಾಳಿಯೇ ಅದನ್ನು ತಳ್ಳುತ್ತದೆ ಎಂದು ಅರಿಸ್ಟಾಟಲ್ ಹೇಳಿಬಿಟ್ಟಿದ್ದ. ಆರನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ತತ್ವಜ್ಞಾನಿ ಫಿಲೊಪೊನಸ್ ಇದನ್ನು ಒಪ್ಪಿರಲಿಲ್ಲ. ಬುರಿದಾನನೋ ಸೀದಾ ಬುಗುರಿ ತೋರಿಸಿದ. ಅದು ನಿಂತಲ್ಲೇ ತಿರುಗುತ್ತದಲ್ಲ, ಹಿಂದಿನಿಂದ ತಳ್ಳಲು ಅದಕ್ಕೆ ಹಿಂಭಾಗವಾದರೂ ಎಲ್ಲಿದೆ? ಹೊಳೆಗೆ ಎದುರಾಗಿ ಎಳೆದ ದೋಣಿ ಹಗ್ಗ ಬಿಟ್ಟ ಮೇಲೂ ಒಂದಷ್ಟು ದೂರ ಹೋಗುತ್ತದೆ. ಮೇಲೆ ನಿಂತ ಅಂಬಿಗನ ಬೆನ್ನಿಗೆ ಗಾಳಿ ತಾಗುವುದಿಲ್ಲ, ತಾಗುವುದು ಎದೆಗೆ. ಪುಸ್ತಕ ಪಕ್ಕಕ್ಕಿಟ್ಟು ಅಂಬಿಗನನ್ನು ಸಾಕ್ಷಿಗೆ ಕರೆದದ್ದು ನನಗೆ ಬಹಳ ಇಷ್ಟ. ಎಸೆದವನು ವಸ್ತುವಿನೊಳಗೇ ಒಂದು ಇಂಪೆಟಸ್ ತುಂಬುತ್ತಾನೆ, ದ್ರವ್ಯ ಹೆಚ್ಚಿದಷ್ಟೂ ವೇಗ ಹೆಚ್ಚಿದಷ್ಟೂ ಅದೂ ಹೆಚ್ಚು ಎಂಬುದು ಅವನ ತೀರ್ಮಾನ. ದೇವರು ಸೃಷ್ಟಿಯ ದಿನ ಆಕಾಶಕಾಯಗಳಿಗೂ ಒಮ್ಮೆ ಹೀಗೆ ತುಂಬಿಸಿಬಿಟ್ಟಿದ್ದರೆ ಅವನ್ನು ದಿನಾ ತಿರುಗಿಸುವ ದೇವದೂತರಿಗೆ ಕೆಲಸವೇ ಇರುವುದಿಲ್ಲ ಎಂದೂ ಸೂಚಿಸಿದ.

1687ರಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂದ ಮೇಲೆ ಲೆಕ್ಕ ತಿರುಗಿತು. ಸಮವೇಗದ ಚಲನೆಗೆ ಕಾರಣವೇ ಬೇಡ, ಕಾರಣ ಬೇಕಾದದ್ದು ಬದಲಾವಣೆಗೆ. ದ್ರವ್ಯರಾಶಿ, ವೇಗಗಳ ಗುಣಲಬ್ಧ ಮೊಮೆಂಟಮ್ ಆಯಿತು. ಕೆಲಸ ಕಳೆದುಕೊಂಡ ಇಂಪೆಟಸ್ ಭಾಷಣಕ್ಕಿಳಿಯಿತು.

ನಮ್ಮ ಶಾಲೆಯ ಪಠ್ಯದಲ್ಲಿ ಮೊಮೆಂಟಮ್ಮಿಗೆ ‘ಸಂವೇಗ’ ಎಂದಿದೆ. ಅದರೊಳಗಿನ ವೇಗಕ್ಕೆ ಬುರಿದಾನನಿಗಿಂತ ಎಷ್ಟೋ ಹಿಂದಿನ ಕಥೆಯುಂಟು. ಬಾಣದ ಮೊದಲ ಚಲನೆ ‘ನೋದನ’ದಿಂದ, ಎಂದರೆ ನೂಕಿನಿಂದ, ಮುಂದಿನದೆಲ್ಲ ಬಾಣದಲ್ಲೇ ಹುಟ್ಟಿದ ‘ಸಂಸ್ಕಾರ’ದಿಂದ ಎನ್ನುತ್ತದೆ ಕಣಾದನ ವೈಶೇಷಿಕ ಸೂತ್ರ, ನಮ್ಮ ಷಡ್ದರ್ಶನಗಳಲ್ಲೊಂದಾದ ವೈಶೇಷಿಕದ ಮೂಲಗ್ರಂಥ. ಅದೇ ದರ್ಶನದ ಭಾಷ್ಯಕಾರ ಪ್ರಶಸ್ತಪಾದ ಅದನ್ನು ಬಿಡಿಸಿ ಮೂರು ಸಂಸ್ಕಾರ ಹೇಳಿದ. ಬಗ್ಗಿಸಿ ಬಿಟ್ಟ ಕೊಂಬೆ ಸೆಟೆದು ನಿಲ್ಲುವುದು ಸ್ಥಿತಿಸ್ಥಾಪಕ, ನೆನಪು ಉಳಿಯುವುದು ಭಾವನಾ, ಬಾಣ ಓಡುವುದು ವೇಗ. ನೆನಪನ್ನೂ ಓಟವನ್ನೂ ಒಂದೇ ಕಪಾಟಿನಲ್ಲಿಟ್ಟ ಆ ಧೈರ್ಯಕ್ಕೆ ಏನೆನ್ನೋಣ!

ಸಂಜೆ ನಮ್ಮ ಬೀದಿಯಲ್ಲಿ ಹುಡುಗನೊಬ್ಬ ಬೈಕನ್ನು ಬಾಣದ ಹಾಗೆ ಬಿಟ್ಟುಕೊಂಡು ಹೋಗುತ್ತಾನೆ. ಹಾಲಿನ ಪ್ಯಾಕೆಟ್ ಹಿಡಿದು ಗೋಡೆಗೆ ಒತ್ತಿ ನಿಂತ ಎದುರುಮನೆಯ ಅಜ್ಜಿ, “ಸಂಸ್ಕಾರ ಅನ್ನೋದೇ ಇಲ್ಲ ಮುಂಡೇದಕ್ಕೆ!” ಎಂದು ಬೈಯುತ್ತಾರೆ. ವೈಶೇಷಿಕರ ಲೆಕ್ಕದಲ್ಲಿ ಅವನಿಗಿರುವಷ್ಟು ಸಂಸ್ಕಾರ ಬೀದಿಯಲ್ಲಿ ಇನ್ಯಾರಿಗೂ ಇಲ್ಲ ಎಂದು ಅಜ್ಜಿಗೆ ಹೇಳುವವರು ಯಾರು?