ಅಡುಗೆಮನೆ ನಮ್ಮದು, ಅಳತೆ ಮಾತ್ರ ಶೋರೂಮಿನದು

ಎರಡೂವರೆ ಲಕ್ಷ ರೂಪಾಯಿ. ನಮ್ಮಂಥವರ ಮನೆಯಲ್ಲಿ ಅದು ಸಣ್ಣ ದುಡ್ಡಲ್ಲ. ಚೀಟಿ ಎತ್ತಿ, ಇದ್ದ ಒಂದು ಎಫ್‌ಡಿ ಮುರಿಸಿ ಕೂಡಿಸಿದ ದುಡ್ಡು. ಅಷ್ಟು ತೆಗೆದುಕೊಂಡು ಈ ಮಾಡ್ಯುಲರ್ ಕಿಚನ್ ಶೋರೂಮಿನವರು ಮಾಡಿಕೊಟ್ಟಿರುವ ಅಡುಗೆಮನೆ ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಕೊಪ್ಪಳದಲ್ಲಿ ಈಗ ಬೀದಿಗೊಂದು ಮಾಡ್ಯುಲರ್ ಕಿಚನ್ ಬೋರ್ಡು. ಒಳಗೆ ಹೋದ ತಕ್ಷಣ ಕೇಳುವುದು ಒಂದೇ, "ಬಜೆಟ್ ಎಷ್ಟು ಸರ್?" ಅದೂ ನಮ್ಮ ಮನೆಯವರನ್ನು. ದಿನಾ ಒಲೆ ಮುಂದೆ ನಿಲ್ಲುವವಳು ನಾನು, ಪಕ್ಕದ ಕುರ್ಚಿಯಲ್ಲೇ ಕೂತಿದ್ದೇನೆ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಬಣ್ಣದ ಪುಸ್ತಕ ಮುಂದೆ ಇಟ್ಟು "ಮೇಡಂ, ಕಲರ್ ನೀವು ಸೆಲೆಕ್ಟ್ ಮಾಡಿ" ಅಂದರು. ನನಗೆ ಬಣ್ಣ ಬೇಕಿರಲಿಲ್ಲ. ಕಟ್ಟೆ ಎಷ್ಟು ಎತ್ತರ ಇರಬೇಕು, ಸಿಲಿಂಡರ್ ಎಲ್ಲಿಡಬೇಕು, ಜೋಳದ ಡಬ್ಬಿ ಎಲ್ಲಿ ಕೂರಬೇಕು ಅಂತ ಮಾತಾಡಬೇಕಿತ್ತು. ಮಾತಾಡಿದೆ ಕೂಡ. ಕೇಳಿಸಿಕೊಂಡವರು ಯಾರು?

ಕಟ್ಟೆ ವಿಷಯಕ್ಕೇ ಬರುತ್ತೇನೆ. ಹಳೇ ಕಟ್ಟೆ 30 ಇಂಚು ಎತ್ತರ ಇತ್ತು. ಕೆಳಗೆ ಇಟ್ಟಿಗೆ ಗೋಡೆ, ಮೇಲೆ ಕಡಪಾ ಕಲ್ಲು. ನೋಡಲು ಚೆಂದ ಇರಲಿಲ್ಲ, ಆದರೆ ಗಟ್ಟಿ. ಎತ್ತರ ಅಷ್ಟೇ ಇರಲಿ ಅಂತ ಬಾಯಿಬಿಟ್ಟು ಹೇಳಿದ್ದೇನೆ, ಟೇಪ್ ಹಿಡಿದು ತೋರಿಸಿದ್ದೇನೆ. ಮಾಡಿದ್ದು 36 ಇಂಚು. ಕೇಳಿದರೆ "ಈಗ ಎಲ್ಲಾ ಕಡೆ ಇದೇ ಸ್ಟ್ಯಾಂಡರ್ಡ್ ಮೇಡಂ" ಅನ್ನುತ್ತಾರೆ. ಯಾರ ಸ್ಟ್ಯಾಂಡರ್ಡ್ ಇದು? ನನ್ನ ಎತ್ತರ ಐದು ಅಡಿ. ರೊಟ್ಟಿ ಬಡಿಯಲು ಬಲ ಬರುವುದು ಭುಜದಿಂದ. ಅಂಗೈ ಮೊಣಕೈಗಿಂತ ಕೆಳಗೆ ಬೀಳಬೇಕು, ಆಗಲೇ ಹಿಟ್ಟು ಹರಡುತ್ತದೆ. ಈ ಕಟ್ಟೆ ಮುಂದೆ ನಿಂತರೆ ಮೊಣಕೈ ಮೇಲೇಳುತ್ತದೆ, ನಾಲ್ಕು ರೊಟ್ಟಿ ಆಗುವಷ್ಟರಲ್ಲಿ ಹೆಗಲು ಹಿಡಿಯುತ್ತದೆ. ಕೆಳಗೆ ಇಟ್ಟಿಗೆ ಗೋಡೆಯೂ ಇಲ್ಲ, ಹಲಗೆಯ ಪೆಟ್ಟಿಗೆಗಳ ಮೇಲೆ ಕಲ್ಲು ಹಾಸಿದ್ದಾರೆ ಅಷ್ಟೇ. ರೊಟ್ಟಿ ಬಡಿದಾಗಲೆಲ್ಲ ಒಳಗಿನ ತಟ್ಟೆ ಲೋಟ ಎಲ್ಲ ಗಡಗಡ ಅನ್ನುತ್ತವೆ. ಗವಿಮಠದ ಜಾತ್ರೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುವ ಊರು ಇದು. ಈ ಊರಲ್ಲೇ ಅಂಗಡಿ ಇಟ್ಟುಕೊಂಡು, ರೊಟ್ಟಿ ಬಡಿಯಲು ಬರದ ಅಡುಗೆಮನೆ ಮಾಡಿಕೊಡುತ್ತಾರೆ ಅಂದರೆ ಏನು ಹೇಳಬೇಕು? ಅತ್ತೆ ಈಗ ಹಿತ್ತಲಲ್ಲಿ ಕೂತು ರೊಟ್ಟಿ ಮಾಡುತ್ತಿದ್ದಾರೆ.

ಇನ್ನು ಸಿಂಕ್ ಕೆಳಗಿನ ಕಥೆ. ಅದನ್ನು ನೋಡಿದ ದಿನ ನಾನು ಅತ್ತೇ ಬಿಟ್ಟೆ. ಬಾಗಿಲು ತೆಗೆದರೆ ಕೆಳಗಿನ ಹಲಗೆ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತಿನ ಹಾಗೆ ಪದರ ಪದರ ಎದ್ದಿದೆ. ಅಂಚಿನ ಪಟ್ಟಿ ಕಿತ್ತು ಬಂದಿದೆ. ಕೈ ಇಟ್ಟರೆ ಪುಡಿ ಉದುರುತ್ತದೆ. ಒಂದು ಮಳೆಗಾಲವನ್ನೂ ಕಂಡಿಲ್ಲ ಇನ್ನೂ! ಹಲಗೆ ಹಿಂದೆ ಮುಂದೆ ತಿರುಗಿಸಿ ನೋಡಿದೆವು, ಒಂದು ಮುದ್ರೆಯೂ ಇಲ್ಲ. ನೀರು ತಾಗುವ ಜಾಗಕ್ಕೆ ಐಎಸ್ 710 ಅನ್ನುವ ಗುಣಮಟ್ಟದ ಮುದ್ರೆಯ ಪ್ಲೈವುಡ್ ಹಾಕಬೇಕು, ಬಿಡಬ್ಲ್ಯೂಪಿ ಅನ್ನುತ್ತಾರಲ್ಲ ಅದು, ಕುದಿಯುವ ನೀರನ್ನೂ ತಡೆಯುವಂಥದ್ದು. ಎಂಆರ್ ಅನ್ನುವ ಪ್ಲೈ ಬರೀ ತೇವದ ಗಾಳಿಗೆ ತಡೆಯುತ್ತದೆ, ನೀರಿಗಲ್ಲ. ಕೊಟೇಶನ್‌ನಲ್ಲಿ ಬರೆದದ್ದು "ವಾಟರ್‌ಪ್ರೂಫ್ ಪ್ಲೈ" ಅಂತ ಎರಡು ಪದ, ಅಷ್ಟೇ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಶೀಟ್ ಅಂದರೆ 32 ಚದರ ಅಡಿ, ಸಿಂಕ್ ಕೆಳಗಿನ ಪೆಟ್ಟಿಗೆಗೆ ಒಂದು ಶೀಟ್ ಸಾಕು. ಆ ಒಂದು ಶೀಟಿನಲ್ಲಿ ದುಡ್ಡು ಉಳಿಸಿದ್ದಾರೆ! ಹೊರಗಿನ ಬಾಗಿಲಿಗೆ ಮಾತ್ರ ಮುಖ ಕಾಣುವಂಥ ಅಕ್ರಿಲಿಕ್. ಮೇಲಿನ ಕಪಾಟಿನ ಕೆಳಗೆ ಉದ್ದಕ್ಕೂ ಲೈಟಿನ ಪಟ್ಟಿ, ನಾವು ಕೇಳಿಯೇ ಇರಲಿಲ್ಲ ಅದನ್ನ.

ಇದೇ ನನ್ನ ಸಿಟ್ಟು. ಬಜೆಟ್ ಕಡಿಮೆ ಅಂತ ನಾವೇ ಮೊದಲು ಹೇಳಿದ್ದೆವು. ಕಡಿಮೆ ದುಡ್ಡಿದ್ದರೆ ಹೊಳಪು ಬಿಡಬೇಕು, ಬಾಗಿಲಿಗೆ ಸಾದಾ ಲ್ಯಾಮಿನೇಟ್ ಹಾಕಬೇಕು, ಮೇಲಿನ ಕಪಾಟು ಆಮೇಲೆ ಮಾಡಿಸಿದರೂ ನಡೆಯುತ್ತದೆ. ಪೈಪು, ವೈರು, ಪ್ಲೈ, ಕಟ್ಟೆ, ಇವು ಗಟ್ಟಿ ಇರಬೇಕು. ಇವರು ಪೂರ್ತಿ ಉಲ್ಟಾ ಮಾಡಿದರು. ಕಣ್ಣಿಗೆ ಕಾಣುವ ಕಡೆ ಸುರಿದರು, ಕಾಣದ ಕಡೆ ಕತ್ತರಿ ಹಾಕಿದರು. ಯಾಕೆಂದರೆ ಫೋಟೋ ತೆಗೆದು ಮುಂದಿನ ಗಿರಾಕಿಗೆ ತೋರಿಸಲು ಬಾಗಿಲು ಬೇಕು. ಸಿಂಕಿನ ಪೈಪು ಬೇಕಿಲ್ಲ.

ವೈರಿಂಗ್ ಬಗ್ಗೆ ಜಾಸ್ತಿ ಬರೆಯಲ್ಲ. 2000 ವ್ಯಾಟಿನ ಇಂಡಕ್ಷನ್ ಒಲೆಗೆ 16 ಆಂಪಿಯರ್ ಪಾಯಿಂಟ್ ಬೇಕು ಅಂತ ಹೇಳಿದ್ದೆವು. ಹಾಕಿದ್ದೆಲ್ಲ ಅಷ್ಟು ಲೋಡು ತಡೆಯದ 6 ಆಂಪಿಯರ್. ಗೋಡೆಗೆ ಟೈಲ್ಸ್ ಕೂತಾದ ಮೇಲೆ ಗೊತ್ತಾಯಿತು.

ಗ್ರಾನೈಟ್ ಲೆಕ್ಕ ಕೇಳಿ. ಕಲ್ಲಿನ ಕ್ವಾರಿಗಳು ನಮ್ಮ ಜಿಲ್ಲೆಯಲ್ಲೇ ಇವೆ, ಕುಷ್ಟಗಿ ಕಡೆ. ಆದರೂ ಸಿಂಕಿಗೆ ಕೊರೆದು ತೆಗೆದ ತುಂಡಿಗೂ ಚದರ ಅಡಿ ಲೆಕ್ಕದಲ್ಲಿ ದುಡ್ಡು, ಕೊರೆದದ್ದಕ್ಕೆ ಬೇರೆ ದುಡ್ಡು, ಅಂಚಿನ ಪಾಲಿಶ್‌ಗೆ ರನ್ನಿಂಗ್ ಫೀಟ್, ಅಂದರೆ ಉದ್ದದ ಅಡಿ ಲೆಕ್ಕದಲ್ಲಿ ಇನ್ನೊಂದು ದುಡ್ಡು. ಪೆಟ್ಟಿಗೆಗಳಿಗೆ ಹೇಳಿದ ರೇಟಿನಲ್ಲಿ ಬುಟ್ಟಿ ಇಲ್ಲ, ಹ್ಯಾಂಡಲ್ ಇಲ್ಲ, ಬಾಗಿಲು ಸದ್ದಿಲ್ಲದೆ ಮುಚ್ಚುವ ಸಾಫ್ಟ್ ಕ್ಲೋಸ್ ಹಿಂಜ್ ಇಲ್ಲ. ಹಳೇ ಕಟ್ಟೆ ಒಡೆದ ಕಲ್ಲುಮಣ್ಣು ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆಯೂ ನಮ್ಮ ತಲೆ ಮೇಲೆ. ಇದನ್ನೆಲ್ಲ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ನಾವು ಸುಮ್ನೆ ಆಗ್ತಿದ್ವಿ. ಕೆಲಸ ಅರ್ಧ ಆಗಿ, ಅಡುಗೆ ಹೊರಗೆ ವರಾಂಡದಲ್ಲಿ ಮಾಡಿಕೊಳ್ಳುತ್ತಿರುವಾಗ ಒಂದೊಂದೇ ಹೇಳುತ್ತಾರೆ. ಆಗ ಬೇಡ ಅನ್ನಲು ಆಗುತ್ತದಾ? ಜಿಎಸ್‌ಟಿ ಬಿಲ್ ಕೇಳಿದರೆ "18 ಪರ್ಸೆಂಟ್ ಜಾಸ್ತಿ ಆಗುತ್ತೆ ಸರ್, ಯೋಚನೆ ಮಾಡಿ" ಅಂತ ನಮಗೇ ಹೆದರಿಸುವುದು.

ಇದೆಲ್ಲ ದುಡ್ಡಿನ ಮಾತಾಯಿತು. ಸಿಲಿಂಡರ್ ವಿಷಯ ಜೀವದ್ದು. 14.2 ಕೆಜಿ ಸಿಲಿಂಡರನ್ನು ಕಟ್ಟೆ ಕೆಳಗೆ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದ್ದಾರೆ, ಗಾಳಿಯಾಡಲು ಒಂದು ತೂತೂ ಇಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದಕ್ಕೇ ಪೆಟ್ಟಿಗೆಯ ಕೆಳಭಾಗದಲ್ಲಿ ಕಿಂಡಿ ಬೇಕು. ರಬ್ಬರ್ ಪೈಪನ್ನು ಡ್ರಾಯರ್ ಹಿಂದಿನಿಂದ ಎಳೆದಿದ್ದಾರೆ, ಸೀಳು ಬಿಟ್ಟರೂ ಕಣ್ಣಿಗೆ ಕಾಣಲ್ಲ. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ಪೈಪು ಅದು, ಬದಲಿಸಲು ಇಡೀ ಡ್ರಾಯರ್ ಬಿಚ್ಚಬೇಕು. ಈ ಮನೆಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಕಿಂಡಿ ಯಾಕೆ ಇಟ್ಟಿಲ್ಲ ಅಂದರೆ "ಬಾಗಿಲಿನ ಲುಕ್ ಹಾಳಾಗುತ್ತೆ" ಅಂದ ಆ ಶೋರೂಮಿನ ಮನುಷ್ಯ. ಅದನ್ನು ಕೇಳಿ ನಮ್ಮ ಮನೆಯವರಿಗೂ ತಡೆಯಲಾಗಲಿಲ್ಲ, ಎಂದೂ ದನಿ ಎತ್ತದವರು ಅವತ್ತು ಕೂಗಾಡಿಬಿಟ್ಟರು.

ಮರುದಿನ ನಾವೇ ಬಡಿಗೇರರನ್ನು ಕರೆಸಿ ಕಿಂಡಿ ಕೊರೆಸಿದೆವು. ಬಾಕಿ 30 ಸಾವಿರ ಕೊಡಿ ಅಂತ ಶೋರೂಮಿನವರು ದಿನಾ ಫೋನ್ ಮಾಡುತ್ತಾರೆ. ಕೊಡಲ್ಲ. ಸಿಂಕ್ ಕೆಳಗೆ ಐಎಸ್ 710 ಮುದ್ರೆಯ ಪ್ಲೈ ಹಾಕಬೇಕು, ಅದರ ಮೇಲಿನ ಲೈಸೆನ್ಸ್ ನಂಬರನ್ನು ಆ ಮುದ್ರೆಗೆ ಲೈಸೆನ್ಸ್ ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಾನೇ ಹಾಕಿ ನೋಡುತ್ತೇನೆ. ಒಲೆ ಪಕ್ಕದ ಮೂರು ಅಡಿ ಕಟ್ಟೆಯನ್ನಾದರೂ 30 ಇಂಚಿಗೆ ಇಳಿಸಿ, ಕೆಳಗೆ ಇಟ್ಟಿಗೆ ಕಟ್ಟಿಕೊಡಬೇಕು. ಬಿಲ್ ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ಫೋಟೋ, ಕೊಟೇಶನ್ ಎಲ್ಲ ತೆಗೆದಿಟ್ಟಿದ್ದೇವೆ. ಮುಂದಿನ ಸಲ ಅಳತೆಗೆ ಬಂದರೆ ಟೇಪಿನ ಇನ್ನೊಂದು ತುದಿ ನಾನೇ ಹಿಡಿಯುತ್ತೇನೆ.